ಗಂಗುಲಪ್ಪನ ಕೈ ಮಿಷಿನ್ನು

ಮಂಚೇನಹಳ್ಳಿಯ ಗಂಗುಲಪ್ಪ ಇಪ್ಪತ್ತೊಂಬತ್ತು ವರ್ಷ ತೊಂಡೇಬಾವಿ ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ ಯಲಹಂಕದಲ್ಲಿ ಇಳಿದವನು. ಮನೆಯಿಂದ ಸ್ಟೇಷನ್ನಿಗೆ ಮೊದಮೊದಲು ಸೈಕಲ್ಲು, ಆಮೇಲೆ ಮೊಪೆಡ್ಡು. ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ಬುತ್ತಿ ತೊಡೆಯ ಮೇಲೆ. ಇಳಿದು ಹತ್ತು ನಿಮಿಷ ನಡೆದರೆ ಸ್ಟೀಲಿನ ವಾಲ್ವ್ ಮಾಡುವ ಕಾರ್ಖಾನೆ. ಅಲ್ಲಿ ಅವನದು ಮಿಲ್ಲಿಂಗ್ ಕೆಲಸ. ಲೋಹದ ಗಟ್ಟಿಯನ್ನು ಮೇಜಿಗೆ ಬಿಗಿದು, ಮೇಲೆ ಗಿರಗಿರ ತಿರುಗುವ ಕಟ್ಟರಿನ ಕೆಳಗೆ ಅದನ್ನು ಕೈಚಕ್ರದಿಂದ ಸರಿಸುತ್ತಾ ಬೇಕಾದ ಆಕಾರಕ್ಕೆ ಕಡಿಯುವುದು. ಹೇಳಿದರೆ ಇಷ್ಟೇ. ಮಾಡುವಾಗ ಕಟ್ಟರಿನ ಸದ್ದು ಒಂದು ಎಳೆ ಬದಲಾದರೂ ಗಂಗುಲಪ್ಪನ ಅಂಗೈಗೆ ಗೊತ್ತಾಗುತ್ತಿತ್ತು. ಅದರಲ್ಲೂ ಸ್ಟೇನ್‌ಲೆಸ್ ಸ್ಟೀಲು ಎಂದರೆ ಉಳಿದವರು ಹಿಂದೆ ಸರಿಯುವರು, ಇವನನ್ನು ಕೂಗುವರು. ಸ್ಟೇನ್‌ಲೆಸ್ಸು ಹಟಮಾರಿ ಲೋಹ. ಮೇಲೆ ಮೇಲೆ ಸವರಿದರೆ ಅದು ಇನ್ನೂ ಗಟ್ಟಿಯಾಗಿ ಕಟ್ಟರನ್ನೇ ತಿನ್ನುತ್ತದೆ. ಆಳವಾಗಿ, ನಿಲ್ಲಿಸದೆ, ಧೈರ್ಯವಾಗಿ ಕಡಿಯಬೇಕು. "ಸ್ಟೇನ್‌ಲೆಸ್ಸನ್ನ ಸವರಬೇಡ್ರೋ, ಕಡೀರಿ" ಎಂದು ಹೊಸದಾಗಿ ಸೇರಿದ ಎಷ್ಟು ಜನಕ್ಕೆ ಅವನು ಹೇಳಿಕೊಟ್ಟಿದ್ದನೋ.

ಎರಡು ಸಾವಿರದ ಮೂರರಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಹೇಳಿದಂತೆ ತಾನೇ ಕಡಿಯುವ ಸಿಎನ್‌ಸಿ ಮಿಷಿನ್ನುಗಳು ಬಂದವು. ಕಲಿಯಲು ಐದು ಜನರನ್ನು ಪುಣೆಗೆ ಕಳಿಸುತ್ತಾರೆಂದು ಸುದ್ದಿಯಾಯಿತು. ತನ್ನ ಹೆಸರು ಇದ್ದೇ ಇರುತ್ತದೆ ಎಂದು ಗಂಗುಲಪ್ಪ ಹೊಸ ಪ್ಯಾಂಟು ಹೊಲಿಸಿಕೊಂಡ. ಪಟ್ಟಿ ಅಂಟಿಸಿದಾಗ ಅದರಲ್ಲಿ ಅವನ ಹೆಸರಿರಲಿಲ್ಲ. ಫೋರ್‌ಮನ್ನನ್ನು ಹೋಗಿ ಕೇಳಿದ. ಫೋರ್‌ಮನ್ನು ನಗುತ್ತಲೇ ಹೇಳಿದ: "ನಿನಗ್ಯಾಕಪ್ಪ ಕಂಪ್ಯೂಟರ್ರು? ದೇವರು ನಿಮ್ಮೋರಿಗೆ ಒಳ್ಳೆ ಕೈ ಕೊಟ್ಟವ್ನೆ."

ಹಿಂದಿನ ವರ್ಷ ಆ ಫೋರ್‌ಮನ್ನಿನ ಮನೆಯ ಗೃಹಪ್ರವೇಶಕ್ಕೆ ಎಲ್ಲರೂ ಹೋಗಿದ್ದರು. ಪಟ್ಟಿಯಲ್ಲಿದ್ದ ಐವರೂ ಅವತ್ತು ಒಳಗೆ ಹಜಾರದಲ್ಲಿ ಕೂತು ಉಂಡವರು. ಗಂಗುಲಪ್ಪನಿಗೆ ಎಲೆ ಹಾಕಿದ್ದು ಹೊರಗೆ ಶಾಮಿಯಾನದ ಕೆಳಗೆ. "ಗಾಳಿ ಚೆನ್ನಾಗೈತೆ, ಇಲ್ಲೇ ಕೂತ್ಕೊ" ಅಂದಿದ್ದರು. ಅವತ್ತು ಅವನು ಅದನ್ನು ಗಾಳಿಯ ವಿಷಯ ಅಂತಲೇ ಅಂದುಕೊಂಡಿದ್ದ. ಪಟ್ಟಿ ನೋಡಿದ ಮೇಲೆ ಅರ್ಥವಾಯಿತು.

ಪುಣೆಯಿಂದ ವಾಪಸು ಬಂದವರಿಗೆ ಪ್ರೋಗ್ರಾಂ ಬರೆಯಲು ಬರುತ್ತಿತ್ತು, ಲೋಹ ಗೊತ್ತಿರಲಿಲ್ಲ. ಕಟ್ಟರ್ ಎಷ್ಟು ಸುತ್ತು ತಿರುಗಬೇಕು, ಎಷ್ಟು ವೇಗದಲ್ಲಿ ನುಗ್ಗಬೇಕು, ಅಂದರೆ ಫೀಡ್ ಎಷ್ಟು, ಎಂದು ತುಂಬುವ ಜಾಗ ಬಂದಾಗೆಲ್ಲ ಅವರು ಪೆನ್ನು ಕಾಗದ ಹಿಡಿದು ಗಂಗುಲಪ್ಪನ ಹತ್ತಿರ ಬರುತ್ತಿದ್ದರು. ಅವರಲ್ಲಿ ಮಂಡಿಕಲ್ ಕಡೆಯ ವೆಂಕಟರವಣಪ್ಪನೂ ಒಬ್ಬ, ದಿನಾ ಅದೇ ರೈಲಿನವನು. "ಗಂಗುಲಪ್ಪಣ್ಣ, ಈ ವಾಲ್ವಿಗೆ ಫೀಡ್ ಎಷ್ಟು ಇಡ್ಲಿ?" ಗಂಗುಲಪ್ಪ ಹೇಳುವನು. ಎದೆಯೊಳಗೆ ಕಿಚ್ಚು ಇದ್ದರೂ ಒಂದು ದಿನವೂ ತಪ್ಪು ಹೇಳಲಿಲ್ಲ. ಲೋಹದ ಮುಂದೆ ಸುಳ್ಳಾಡಿದರೆ ಕೈಗೆ ಆಗಿಬರುವುದಿಲ್ಲ ಎಂದು ಅವನಿಗೆ ಒಂದು ನಂಬಿಕೆ. ಅವನು ಹೇಳಿದ ಅಂಕಿಗಳು ಒಂದೊಂದಾಗಿ ಕಂಪ್ಯೂಟರಿನೊಳಗೆ ಹೋಗಿ ಕೂತವು. ವೆಂಕಟರವಣಪ್ಪ ಸೂಪರ್‌ವೈಸರ್ ಆದ. ಗಂಗುಲಪ್ಪನ ಹಳೆಯ ಮಿಷಿನ್ನನ್ನು ಷೆಡ್ಡಿನ ಮೂಲೆಗೆ ತಳ್ಳಿದರು, ಅದರ ಜೊತೆ ಅವನನ್ನೂ. ಇಪ್ಪತ್ತರಲ್ಲಿ ಕೊರೋನಾ ಬಂದ ವರ್ಷ ಕಾರ್ಖಾನೆಯವರು ಕೈ ಮಿಷಿನ್ನಿನ ವಿಭಾಗವನ್ನೇ ಮುಚ್ಚಿ, ಇದ್ದವರಿಗೆಲ್ಲ ಕೊಡುವುದು ಕೊಟ್ಟು ಮನೆಗೆ ಕಳಿಸಿದರು.

ಮನೆಯ ಪಕ್ಕದ ಖಾಲಿ ಜಾಗದಲ್ಲಿ ಒಂದು ಷೆಡ್ಡು ಹಾಕಿ ತನ್ನದೇ ವರ್ಕ್‌ಶಾಪ್ ಮಾಡಬೇಕು ಅನ್ನುವುದು ಅವನ ಬಹುದಿನದ ಆಸೆ. ಅವನ ಒಬ್ಬಳೇ ಮಗಳು ತನುಜಳಿಗೆ ಆಗ ಇಪ್ಪತ್ತನಾಲ್ಕು. ಚಿಂತಾಮಣಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಗೌರಿಬಿದನೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಡು ವರ್ಷದಿಂದ ಅಲ್ಯುಮಿನಿಯಂ ಭಾಗಗಳನ್ನು ಕಡಿಯುವ ಸಿಎನ್‌ಸಿ ನಡೆಸುತ್ತಿದ್ದಳು. ಇಡೀ ಷೆಡ್ಡಿನಲ್ಲಿ ಅವಳೊಬ್ಬಳೇ ಹೆಣ್ಣು. ಅಪ್ಪ ವರ್ಕ್‌ಶಾಪ್ ತೆಗೆಯುತ್ತಾನೆ ಅಂದಾಗ ಅವಳ ಮುಖ ಅರಳಿತು.

"ನಾನೂ ಬರ್ತೀನಪ್ಪ. ಇಬ್ರೂ ಸೇರಿ ಮಾಡಣ."

ಅದು ಅವರೆಕಾಯಿ ಕಾಲ. ತಾಯಿ ಆಂಜಿನಮ್ಮ ಜಗಲಿಯ ಮೇಲೆ ಮೊರದ ತುಂಬ ನೆನೆಸಿದ ಅವರೆಕಾಳು ಇಟ್ಟುಕೊಂಡು ಹಿಸುಕುತ್ತಿದ್ದಳು. ತನುಜ ಎದುರಿಗೆ ಕೂತು ಮೊಬೈಲಿನಲ್ಲಿ ಒಂದು ಚಿಕ್ಕ ಸಿಎನ್‌ಸಿ ಮಿಷಿನ್ನಿನ ಚಿತ್ರ ತೋರಿಸಿದಳು. ಬೀರುವಿನಷ್ಟು ದೊಡ್ಡದು, ಮನೆಯ ಕರೆಂಟಿನಲ್ಲೇ ನಡೆಯುತ್ತದೆ.

ಗಂಗುಲಪ್ಪ ಅದನ್ನು ನೋಡಿಯೂ ನೋಡದವನಂತೆ ಹೇಳಿದ: "ನಮ್ಮ ಕಾರ್ಖಾನೆ ಮಿಷಿನ್ನುಗಳನ್ನ ಹರಾಜು ಹಾಕ್ತಾವ್ರೆ. ನಾನು ನಿಂತು ಕೆಲಸ ಮಾಡಿದ್ದೇ ಸಿಗ್ತದೆ. ಅದನ್ನೇ ತರ್ತೀನಿ."

"ತರಣ, ಬೇಡ ಅನ್ನಲ್ಲ. ಆದ್ರೆ ಅದಕ್ಕೆ ತ್ರೀ ಫೇಸ್ ಬೇಕು. ನಮ್ಮೂರಲ್ಲಿ ತ್ರೀ ಫೇಸ್ ಎಷ್ಟು ಹೊತ್ತು ಇರ್ತದೆ ನಿಮಗೇ ಗೊತ್ತು."

"ಇದ್ದಾಗ ಮಾಡ್ತೀನಿ. ನಿನ್ನ ಮಿಷಿನ್ನು ಅರ್ಧ ಕಡೀವಾಗ ಕರೆಂಟು ಹೋದ್ರೆ? ನಂದಾದ್ರೆ ಚಕ್ರ ಹಿಂದಕ್ಕೆ ತಿರುಗಿಸಿ ಬೀಡಿ ಹಚ್ಚಿ ಕೂತ್ಕೋತೀನಿ. ಒಬ್ಬ ರೈತ ಪಂಪಿನ ಶಾಫ್ಟ್ ತರ್ತಾನೆ, ಅದಕ್ಕೊಂದು ಕೀಲು ಕೂರೋ ಸಂದು ಕಡೀಬೇಕು. ನೀನು ಪ್ರೋಗ್ರಾಂ ಬರೆಯೋಷ್ಟರಲ್ಲಿ ನಾನು ಕಡಿದು ಕಳಿಸಿರ್ತೀನಿ."

"ಅದು ಸರಿನೇ ಅಪ್ಪ," ಅಂದಳು ತನುಜ. ಅವಳು ವಾದಕ್ಕೆ ವಾದ ಮಾಡುವವಳಲ್ಲ. "ಮುರಿದಿದ್ದೊಂದು ಸರಿ ಮಾಡೋಕೆ ಕೈ ಮಿಷಿನ್ನೇ ವಾಸಿ. ಆದ್ರೆ ಒಂದೇ ಥರದ್ದು ಐವತ್ತು ಬೇಕು ಅಂತ ಯಾರಾದ್ರೂ ಬಂದ್ರೆ? ಅಂಕುಡೊಂಕಿಂದು ಬಂದ್ರೆ? ಅಂಥ ಕೆಲಸ ಬರದೆ ಇದ್ರೆ ವರ್ಕ್‌ಶಾಪ್ ನಿಲ್ಲಲ್ಲ. ಕಡೀ ಪಕ್ಷ ನಿಮ್ಮ ಹಳೇ ಮಿಷಿನ್ನಿಗೇ ಮೋಟಾರು ಕೂರಿಸಿ ಕಂಪ್ಯೂಟರಿಗೆ ಜೋಡಿಸಬಹುದು. ನಾನು ಮಾಡ್ತೀನಿ."

ಆ ಮಿಷಿನ್ನಿಗೆ ಕಂಪ್ಯೂಟರ್ ಜೋಡಿಸುವ ಮಾತು ಕೇಳಿದ್ದೇ ಗಂಗುಲಪ್ಪನಿಗೆ ಮೈ ಉರಿಯಿತು. ಒಳಗೆ ಇನ್ನೊಂದು ಮಾತೂ ಇತ್ತು. ಕಂಪ್ಯೂಟರ್ ಬಂದರೆ ಈ ಷೆಡ್ಡಿನಲ್ಲಿ ಮೇಸ್ತ್ರಿ ಯಾರು? ಮತ್ತೆ ತಾನು ಮೂಲೆಯಲ್ಲಿ ನಿಂತು, ಬಂದು ಕೇಳಿದವರಿಗೆ ಅಂಕಿ ಹೇಳುತ್ತಾ ಇರಬೇಕೇ, ಅದೂ ತನ್ನ ಮನೆಯಲ್ಲಿ? ಈ ಮಾತನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ತನುಜ ಬಹುಶಃ ಏನಾದರೂ ಉತ್ತರ ಕೊಡುತ್ತಿದ್ದಳು. ಅವನು ಹೇಳಿದ್ದು ಇಷ್ಟು: "ನನ್ನ ದುಡ್ಡು, ನನ್ನ ಮಿಷಿನ್ನು."

ಆಂಜಿನಮ್ಮ ಅವರೆಕಾಳಿನಿಂದ ತಲೆ ಎತ್ತದೆ, "ಪೋನೀಲೇ ತಲ್ಲೀ, ಬಿಡು" ಎಂದು ತನ್ನ ತವರಿನ ತೆಲುಗಿನಲ್ಲಿ ಮಗಳಿಗೆ ಹೇಳಿದಳು.

ಮಿಷಿನ್ನು ಲಾರಿಯಲ್ಲಿ ಬಂತು. ಇಳಿಸಲು ಕೇರಿಯ ಗಂಡಸರೆಲ್ಲ ಕೈ ಹಚ್ಚಿದರು. ಗಂಗುಲಪ್ಪ ಮೂರು ದಿನ ಅದರ ತುಕ್ಕು ಉಜ್ಜಿ, ಹಸಿರು ಬಣ್ಣ ಹೊಡೆದ. ಮೊದಲ ಎಂಟು ತಿಂಗಳು ಅವನು ಸುಖವಾಗಿದ್ದ ಅಂತಲೇ ಹೇಳಬೇಕು. ಪಂಪಿನ ಶಾಫ್ಟು, ಟಿಲ್ಲರಿನ ಗೇರು, ಕಬ್ಬಿನ ಹಾಲಿನ ಗಾಣದ ಹಲ್ಲು, ಏನೇನೋ ಬಂತು. ಪೆರೇಸಂದ್ರದಿಂದಲೂ ಜನ ಹುಡುಕಿಕೊಂಡು ಬಂದರು. ತನುಜ ಗೌರಿಬಿದನೂರಿನ ಕೆಲಸ ಬಿಟ್ಟು ಅಪ್ಪನ ಜೊತೆ ನಿಂತಳು. ಅಪ್ಪ ಕಡಿದರೆ ಅವಳು ಅಳತೆ ನೋಡುವಳು, ಅಂಚು ಉಜ್ಜುವಳು. ಕೈಚಕ್ರವನ್ನು ಅವನು ಅವಳಿಗೆ ಕೊಟ್ಟದ್ದು ಕಡಿಮೆ.

ಶಿಡ್ಲಘಟ್ಟದ ಉಸ್ಮಾನ್ ಸಾಬ್ ಬಂದದ್ದು ಆ ಮೇಲೆ. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಫಿಲೇಚರ್ ನಡೆಸುವ ಮನುಷ್ಯ. ಅರವತ್ತು ದಾಟಿದರೂ ನೇರವಾಗಿ ನಿಲ್ಲುವವರು, ಮಾತೂ ನೇರ. ಅವರು ಕರವಸ್ತ್ರದಲ್ಲಿ ಸುತ್ತಿ ತಂದದ್ದು ಅಂಗೈಯಗಲದ ಒಂದು ಬಿಲ್ಲೆ, ನೋಡಲು ಅರಳಿ ಎಲೆಯ ಆಕಾರ. ಅದು ತಿರುಗಿದಂತೆ ನೂಲನ್ನು ಅತ್ತಿತ್ತ ಆಡಿಸುತ್ತದೆ, ಎಳೆ ಒಂದರ ಮೇಲೊಂದು ಕೂತು ಅಂಟದ ಹಾಗೆ. ಬಿಸಿನೀರಿನ ಹಬೆಗೆ ಅದು ತುಕ್ಕು ಹಿಡಿದು ಸವೆದಿತ್ತು.

"ಇದನ್ನ ಸ್ಟೇನ್‌ಲೆಸ್ಸಲ್ಲಿ ಮಾಡಿಕೊಡಿ ಮೇಸ್ತ್ರಿ," ಎಂದರು ಉಸ್ಮಾನ್ ಸಾಬ್. "ನನಗೆ ನಲವತ್ತು ಬೇಕು. ಚೆನ್ನಾಗಿ ಬಂದ್ರೆ ಊರಲ್ಲಿರೋ ಫಿಲೇಚರ್‌ನೋರೆಲ್ಲ ಕೇಳ್ತಾರೆ."

ಸ್ಟೇನ್‌ಲೆಸ್ ಅನ್ನುವ ಮಾತು ಕೇಳಿ ಗಂಗುಲಪ್ಪನ ಎದೆ ಉಬ್ಬಿತು. ಆದರೆ ಆ ಬಿಲ್ಲೆಯ ಸುತ್ತ ಒಂದು ಗೆರೆಯೂ ನೇರವಿಲ್ಲ. ಅದನ್ನು ತಿರುಗುವ ಮೇಜಿಗೆ ಬಿಗಿದು, ಒಂದೊಂದೇ ಡಿಗ್ರಿ ತಿರುಗಿಸಿ, ಪ್ರತಿ ಸಲವೂ ಕೂದಲೆಳೆಯಷ್ಟು ಸರಿಸಿ ಕಡಿಯಬೇಕು. ಮುನ್ನೂರ ಅರವತ್ತು ಸಲ. ಆಮೇಲೆ ಉಳಿದ ಮೆಟ್ಟಿಲುಗಳನ್ನು ಅರದಿಂದ ಉಜ್ಜಿ ನಯ ಮಾಡಬೇಕು. ಮೊದಲ ಬಿಲ್ಲೆಗೆ ನಾಲ್ಕು ದಿನ ಹಿಡಿಯಿತು. ಕನ್ನಡಿಯಂತೆ ಹೊಳೆಯಿತು. ಉಸ್ಮಾನ್ ಸಾಬ್ ಅದನ್ನು ಬೆಳಕಿಗೆ ಹಿಡಿದು, "ಮಾಷಾ ಅಲ್ಲಾ, ಒಡವೆ ಕಣ್ರೀ ಇದು" ಎಂದರು. ತಿಂಗಳು ಕಳೆದಾಗ ಆಗಿದ್ದು ಏಳು. ಅದರಲ್ಲಿ ಎರಡಕ್ಕೆ ಆಕಾರದಲ್ಲಿ ಎಲ್ಲೋ ಒಂದು ಎಳೆ ವ್ಯತ್ಯಾಸ ಬಂದು ನೂಲು ಜರುಗುತ್ತಿತ್ತು.

ಅಷ್ಟರಲ್ಲಿ ತನುಜ ಆ ಬಿಲ್ಲೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಬಿಡಿಸಿಟ್ಟಿದ್ದಳು. ಮತ್ತೊಮ್ಮೆ ಕೇಳಿದಳು: "ಒಂದು ಚಿಕ್ಕ ಸಿಎನ್‌ಸಿ ಇದ್ರೆ ದಿನಕ್ಕೆ ಹತ್ತು ಬರ್ತದಪ್ಪ. ಒಂದರ ಹಾಗೇ ಇನ್ನೊಂದು. ಲೋಹದ ವಿಷ್ಯ ನಿಮಗೆ ಗೊತ್ತು, ನನಗೆ ಮಿಷಿನ್ನು ಗೊತ್ತು."

"ನನಗೆ ಯಾರೂ ಹೇಳಿಕೊಡೋದು ಬೇಡ," ಅಂದ ಗಂಗುಲಪ್ಪ.

ಉಸ್ಮಾನ್ ಸಾಬ್ ಮುಂದಿನ ಸಲ ಬಂದಾಗ ಉಳಿದ ಬಿಲ್ಲೆಗಳಿಗೆ ಕಾಯುವುದಿಲ್ಲ ಎಂದು ಕೈ ಮುಗಿದು ಹೇಳಿದರು. ತನುಜ ಅವರನ್ನು ರಸ್ತೆಯವರೆಗೆ ಕಳಿಸಲು ಹೋದವಳು ತಾನು ಬಿಡಿಸಿದ ಚಿತ್ರವನ್ನು ತೋರಿಸಿದಳು. ವಾರದೊಳಗೆ ಉಸ್ಮಾನ್ ಸಾಬರೇ ಫೋನ್ ಮಾಡಿದರು. ಅವರ ಫಿಲೇಚರಿನ ಪಕ್ಕ ಗೂಡು ಒಣಗಿಸುವ ಒಂದು ಕೋಣೆ ಖಾಲಿ ಇತ್ತು. ಮಿಷಿನ್ನು ಅವರು ತರಿಸುತ್ತಾರೆ, ತನುಜ ನಡೆಸಬೇಕು, ಬಂದದ್ದರಲ್ಲಿ ಪಾಲು. ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿಯೇ ಹೊರಟಳು. "ನೀವೂ ಬನ್ನಿ" ಅಂದಳು. ಗಂಗುಲಪ್ಪ ಮಿಷಿನ್ನಿಗೆ ಎಣ್ಣೆ ಬಿಡುತ್ತಿದ್ದವನು ಬಿಡುತ್ತಲೇ ಇದ್ದ. ಅವಳ ಚೀಲವನ್ನು ಬಸ್ಸಿಗೆ ಹಾಕಿ ಬಂದವಳು ಆಂಜಿನಮ್ಮ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಗಂಗುಲಪ್ಪ ಊಟ ಮಾಡಿ ಷೆಡ್ಡಿನ ಬಾಗಿಲಲ್ಲಿ ಕೂತಿದ್ದ. ಆ ವಾರ ಒಂದು ಕೆಲಸವೂ ಬಂದಿರಲಿಲ್ಲ.

"ಅಪ್ಪ, ಊಟ ಆಯ್ತಾ?" ತನುಜಳ ದನಿಯ ಹಿಂದೆ ಮಿಷಿನ್ನಿನ ಸದ್ದು ಕೇಳುತ್ತಿತ್ತು. "ಅಪ್ಪ, ಇವತ್ತು ಸ್ಟೇನ್‌ಲೆಸ್ ಪ್ಲೇಟ್ ಬಂದೈತೆ. ಅಲ್ಲಿ ಇದನ್ನ ನೀವೇ ಕಡೀತಿದ್ರಿ, ನಾನು ಇಷ್ಟು ದಿನ ಕಡಿದಿರೋದು ಬರೀ ಅಲ್ಯುಮಿನಿಯಂ. ಪುಸ್ತಕದಲ್ಲಿ ಒಂದು ಥರ ಐತೆ, ಯೂಟ್ಯೂಬಲ್ಲಿ ಒಂದು ಥರ. ನಿಮ್ಮನ್ನೇ ಕೇಳಣ ಅಂತ. ಎಂಟು ಎಂಎಂ ಕಟ್ಟರು. ಫೀಡ್ ಎಷ್ಟು ಇಡ್ಲಿ?"

ಅದೇ ಮಾತು. ಫೀಡ್ ಎಷ್ಟು ಇಡ್ಲಿ. ಗಂಗುಲಪ್ಪನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುವಂಥದ್ದು. ಷೆಡ್ಡಿನೊಳಗೆ ಹಸಿರು ಮಿಷಿನ್ನು ಗೋಣಿಚೀಲ ಹೊದ್ದು ನಿಂತಿತ್ತು.

"ಹುಷಾರಾಗಿ ಮಾಡಮ್ಮ," ಎಂದು ಅವನು ಹೇಳಿದ. ದನಿ ಮೆತ್ತಗಿತ್ತು. ಇಷ್ಟು ಮೆತ್ತಗೆ ಅವನು ಮಗಳ ಜೊತೆ ಮಾತಾಡಿ ಎಷ್ಟೋ ದಿನವಾಗಿತ್ತು. "ಸ್ಟೇನ್‌ಲೆಸ್ಸು ಭಾರಿ ಗಟ್ಟಿ. ಆತುರ ಬೀಳಬೇಡ. ಫೀಡು ಆದಷ್ಟು ಕಮ್ಮಿ ಇಡು. ಆಳಕ್ಕೆ ಹೋಗಬೇಡ, ಮೇಲೆ ಮೇಲೆ ಸ್ವಲ್ಪ ಸ್ವಲ್ಪವೇ ಸವರ್ಕೊಂಡು ಹೋಗು."

"ಸರಿ ಅಪ್ಪ," ಎಂದಳು ತನುಜ. ಆಮೇಲೆ, "ನೀವು ಹೇಳಿದ್ದು ಒಳ್ಳೇದಾಯ್ತು" ಎಂದಳು.

ಅವನು ಫೋನು ಇಟ್ಟ. ಈಗಲೇ ಮತ್ತೆ ಫೋನ್ ಮಾಡಿ, ತಪ್ಪು ಹೇಳಿದೆ ಅನ್ನಬಹುದಿತ್ತು. ಕಟ್ಟರು ಬಿಗಿದು ಪ್ರೋಗ್ರಾಂ ಹಾಕಲು ಅವಳಿಗೆ ಅರ್ಧ ಗಂಟೆಯಾದರೂ ಬೇಕು, ಅದೂ ಅವನಿಗೆ ಗೊತ್ತಿತ್ತು. ಎರಡು ಸಲ ಫೋನು ಕೈಗೆ ತೆಗೆದುಕೊಂಡ. ಆಮೇಲೆ ಎದ್ದು ಹೋಗಿ, ಕೆಲಸವಿಲ್ಲದ ಮಿಷಿನ್ನಿನ ಮೇಲಿನ ಧೂಳು ಒರೆಸಿದ.

ಸುದ್ದಿ ಮೂರನೆಯ ದಿನ ಆಂಜಿನಮ್ಮನ ಮೂಲಕ ಬಂತು. ಮಗಳು ತಾಯಿಗೆ ಫೋನಿನಲ್ಲಿ ಹೇಳಿದ್ದಳು. ನಾಲ್ಕು ಕಟ್ಟರು ಒಂದರ ಹಿಂದೊಂದು ಸುಟ್ಟು ಮುರಿದವು. ಪ್ಲೇಟುಗಳ ಮೈ ಗಾಜಿನಂತೆ ಗಟ್ಟಿಯಾಗಿ ಯಾವ ಕಟ್ಟರಿಗೂ ಬಗ್ಗದೆ ಎಲ್ಲವೂ ಗುಜರಿಗೆ ಹೋದವು. ಉಸ್ಮಾನ್ ಸಾಬ್ ಒಂದು ಮಾತೂ ಬೈಯಲಿಲ್ಲವಂತೆ, ಅದೇ ಅವಳಿಗೆ ಹೆಚ್ಚು ಅಳು ತರಿಸಿದ್ದು. ಕೊನೆಗೆ ಕಟ್ಟರು ಮಾರುವ ಅಂಗಡಿಯವನನ್ನು ಕೇಳಿದಾಗ ಅವನು ನಕ್ಕು ಹೇಳಿದನಂತೆ, ಸ್ಟೇನ್‌ಲೆಸ್ಸನ್ನು ಯಾರಾದರೂ ಸವರುತ್ತಾರಾ, ಅದು ಮೊದಲ ಪಾಠ ಅಲ್ಲವಾ ಎಂದು.

ಆಂಜಿನಮ್ಮ ಗಂಡನ ಎದುರಿಗೆ ನಿಂತಳು. "ಅವಳು ನಿಮ್ಮನ್ನ ಕೇಳಿದ್ಲಂತೆ. ಏನು ಹೇಳಿದ್ರಿ?"

"ಫೋನಲ್ಲಿ ಸರಿಯಾಗಿ ಕೇಳಿಸ್ಲಿಲ್ಲ."

"ಇಪ್ಪತ್ತೊಂಬತ್ತು ವರ್ಷ ಆ ಸ್ಟೇನ್‌ಲೆಸ್ ಪುಡಿ ನಿಮ್ಮ ಬಟ್ಟೆಯಿಂದ ಒದರಿದೀನಿ ನಾನು," ಎಂದಳು ಆಂಜಿನಮ್ಮ. "ಅದು ಕಾಲಿಗೆ ಚುಚ್ಚಿ ಆ ಮಗು ಎಷ್ಟು ಸಲ ಅತ್ತಿದಾಳೆ." ಅಷ್ಟು ಹೇಳಿ ಅವಳು ಒಳಗೆ ಹೋದಳು. ಅವತ್ತಿನಿಂದ ಊಟಕ್ಕೆ ಕೂಗುವುದನ್ನು ಬಿಟ್ಟಳು. ತಟ್ಟೆ ಇಟ್ಟು ಹೋಗುವಳು.

ತನುಜ ಅಪ್ಪನನ್ನು ಏನೂ ಕೇಳಲಿಲ್ಲ. ಯುಗಾದಿಗೆ ಬಂದಳು, ಅಪ್ಪನಿಗೆ ಅಂಗಿ ತಂದಳು, ಒಬ್ಬಟ್ಟು ಬಡಿಸಿದಳು. ಬಿಲ್ಲೆಗಳು ಈಗ ಚೆನ್ನಾಗಿ ಬರುತ್ತಿವೆ, ಚಿಂತಾಮಣಿಯಿಂದಲೂ ಕೇಳಿಕೊಂಡು ಬಂದಿದ್ದಾರೆ, ಉಸ್ಮಾನ್ ಸಾಬರ ಸೊಸೆ ಆಸ್ಮಾ ತನ್ನ ಹತ್ತಿರ ಕೆಲಸ ಕಲಿಯುತ್ತಿದ್ದಾಳೆ ಎಂದೆಲ್ಲ ತಾಯಿಗೆ ಹೇಳಿದಳು. ಗಂಗುಲಪ್ಪ ಪಡಸಾಲೆಯಲ್ಲಿ ಕೂತು ಕೇಳಿಸಿಕೊಂಡ. ಊಟದ ಮೇಲೆ ಧೈರ್ಯ ಮಾಡಿ, "ಈಗ ಫೀಡು ಎಷ್ಟು ಇಟ್ಟಿದೀಯಮ್ಮ?" ಎಂದು ಕೇಳಿದ. ತನುಜ ಅವನ ಕಡೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಹೊರಗಿನವರು ಏನಾದರೂ ಕೇಳಿದಾಗ ನೋಡುವ ನೋಟ ಅದು. "ಸೆಟ್ ಆಗೈತಪ್ಪ" ಎಂದಳು, ಅಷ್ಟೇ.

ಒಂದು ವರ್ಷದ ಮೇಲೆ ಗಂಗುಲಪ್ಪ ಶಿಡ್ಲಘಟ್ಟಕ್ಕೆ ಹೊರಟ. ಹೆಂಡತಿಗೆ ಹೇಳಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಶಿಡ್ಲಘಟ್ಟದಲ್ಲಿ ಇಳಿದು ವಿಳಾಸ ಕೇಳುತ್ತ ಹೋದ. ಓಣಿಯ ತುಂಬ ಬೇಯಿಸಿದ ಗೂಡಿನ ವಾಸನೆ. ಉಸ್ಮಾನ್ ಸಾಬರ ಹೆಂಡತಿ ನೂರುನ್ನೀಸಾ ಬಾಗಿಲಲ್ಲಿ ಯಾರೆಂದು ಕೇಳಿ ತಿಳಿದು, "ಟೀಚರ್ ಅವರ ಅಬ್ಬಾ ಬಂದವ್ರೆ" ಎಂದು ಒಳಗೆ ಕೂಗಿದರು. ಅಲ್ಲಿ ತನುಜಳನ್ನು ಎಲ್ಲರೂ ಟೀಚರ್ ಅನ್ನುತ್ತಿದ್ದರು.

ಆ ಕೋಣೆಯಲ್ಲಿ ಈಗ ಎರಡು ಮಿಷಿನ್ನಿದ್ದವು. ಗಾಜಿನ ಹಿಂದೆ ಬಿಳಿ ನೀರು ಚಿಮ್ಮುತ್ತಾ ಕಟ್ಟರು ಕಡಿಯುತ್ತಿತ್ತು. ಗಂಗುಲಪ್ಪ ಕಿವಿಗೊಟ್ಟ. ಸದ್ದು ಸರಿಯಾಗಿತ್ತು. ಆಳವಾಗಿ, ನಿಲ್ಲದೆ, ಒಂದೇ ಸಮನೆ. ಅವನು ಹೇಳಿದ್ದರೂ ಇಷ್ಟನ್ನೇ ಹೇಳುತ್ತಿದ್ದ.

ತನುಜ ಕೈ ಒರೆಸಿಕೊಂಡು ಬಂದಳು, ಕುರ್ಚಿ ಎಳೆದು ಹಾಕಿದಳು, ಚಹಾ ತರಿಸಿದಳು. ಆಸ್ಮಾ ಹೊರಗೆ ಹೋದ ಮೇಲೆ ಗಂಗುಲಪ್ಪ ಲೋಟ ಕೆಳಗಿಟ್ಟ.

"ಅವತ್ತು ನೀನು ಫೋನ್ ಮಾಡಿದಾಗ, ನಾನು..."

"ಗೊತ್ತಪ್ಪ."

"ನನಗೆ ಅವತ್ತು..."

"ಬೇಡ," ಎಂದಳು ತನುಜ. "ಕಾರ್ಖಾನೆಯೋರಿಗೆ ಒಂದು ದಿನಾನೂ ತಪ್ಪು ಹೇಳ್ಲಿಲ್ಲ ಅಂತ ನೀವೇ ಎಷ್ಟು ಸಲ ಹೇಳಿದೀರಿ. ಅದನ್ನ ಯೋಚನೆ ಮಾಡಿ ಮಾಡಿ ನನಗೆ ಸಾಕಾಗೈತೆ. ನೀವು ಈಗ ಏನು ಹೇಳಿದ್ರೂ ನಾನು ಇನ್ನೊಬ್ರನ್ನ ಕೇಳಿ ನೋಡೋದೇ. ಅದನ್ನೂ ನನ್ನ ಬಾಯಿಂದ ಕೇಳಬೇಕಾ ನೀವು?"

ಮಿಷಿನ್ನು ಕೆಲಸ ಮುಗಿಸಿ ಕೀಂಯ್ ಎಂದು ಸದ್ದು ಮಾಡಿತು. ತನುಜ ಎದ್ದು ಹೋಗಿ ಬಾಗಿಲು ತೆಗೆದು, ಮುಗಿದ ಬಿಲ್ಲೆಯನ್ನು ಹೊರಗಿಟ್ಟು, ಹೊಸ ಪ್ಲೇಟು ಬಿಗಿದಳು. ಅವಳ ಕೈ ಬೋಲ್ಟು ಬಿಗಿಯುವ ರೀತಿ ಅವನದೇ, ಕೊನೆಯ ಕಾಲು ಸುತ್ತನ್ನು ಮಣಿಕಟ್ಟಿನಿಂದ ಕೊಡುವುದು. ಅದನ್ನು ಅವನು ಹೇಳಿಕೊಟ್ಟಿರಲಿಲ್ಲ. ಅವಳೇ ನೋಡಿ ಕಲಿತಿರಬೇಕು.

"ನಾಲ್ಕು ಗಂಟೆ ಬಸ್ಸು ತಪ್ಪಿದ್ರೆ ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಕಾಯಬೇಕು," ಎಂದಳು ಅವನ ಕಡೆ ತಿರುಗದೆ. "ಅಮ್ಮನಿಗೆ ಶನಿವಾರ ಬರ್ತೀನಿ ಅಂತ ಹೇಳಿ."

ನೂರುನ್ನೀಸಾ ಒಂದು ಪೊಟ್ಟಣ ಖರ್ಜೂರ ಕೈಗಿಟ್ಟರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಮಂಚೇನಹಳ್ಳಿಯ ಬಯ್ಯಪ್ಪ, "ಏನು ಗಂಗುಲಪ್ಪಣ್ಣ, ಮಗಳ ಹತ್ರ ಹೋಗಿದ್ರಾ?" ಎಂದು ಕೇಳಿದ.

"ಇಲ್ಲಪ್ಪ, ಇಲ್ಲೇ ಏನೋ ಒಂದು ಕೆಲಸ ಇತ್ತು," ಎಂದು ಗಂಗುಲಪ್ಪ ಕಿಟಕಿಯ ಕಡೆ ತಿರುಗಿದ.